ಬೆರೆತದ್ದನ್ನು ಬಿಡಿಸುವ ವಿದ್ಯೆ

ಖಾಲಿಯಾದ ನೀರಿನ ಬಾಟಲಿಯಿಂದ ಒಂದು ಚೂರು ಕತ್ತರಿಸಿಕೊಳ್ಳಿ. ಅದರ ಮುಚ್ಚಳದಿಂದಲೂ ಒಂದು ಚೂರು. ಎರಡನ್ನೂ ಬಕೆಟ್ ನೀರಿಗೆ ಹಾಕಿ, ಗಾಳಿಗುಳ್ಳೆ ಅಂಟಿಕೊಳ್ಳದಂತೆ ಬೆರಳಿನಿಂದ ಒಮ್ಮೆ ಮುಳುಗಿಸಿ ಬಿಡಿ. ಬಾಟಲಿಯ ಚೂರು ತಳ ಸೇರುತ್ತದೆ, ಮುಚ್ಚಳದ ಚೂರು ಮೇಲೆದ್ದು ತೇಲುತ್ತದೆ. ನಮ್ಮ ಪಾಲಿಗೆ ಎರಡೂ ಬರೀ ಪ್ಲಾಸ್ಟಿಕ್; ರಸಾಯನಶಾಸ್ತ್ರದ ಕಣ್ಣಿಗೆ ಅವು ಬೇರೆ ಬೇರೆ ಕುಲದವು. ಬಾಟಲಿ ‘ಪೆಟ್’ ಎಂಬ ಪಾಲಿಎಸ್ಟರ್. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.38 ಗ್ರಾಂ. ಮುಚ್ಚಳ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್. ಅದರ ಸಾಂದ್ರತೆ 0.90ರಿಂದ 0.97ರ ಆಸುಪಾಸು. ನೀರಿನದು 1. ಒಂದು ಮುಳುಗಲು, ಇನ್ನೊಂದು ತೇಲಲು ಇಷ್ಟು ಅಂತರ ಸಾಕು.

ಬಾಟಲಿ ಮರುಬಳಕೆಯ ಕಾರ್ಖಾನೆಗಳು ಇದೇ ಪ್ರಯೋಗವನ್ನು ದೊಡ್ಡ ತೊಟ್ಟಿಗಳಲ್ಲಿ ಹಗಲಿರುಳು ನಡೆಸುತ್ತವೆ. ಬಾಟಲಿಗಳನ್ನು ಚೂರು ಮಾಡಿ, ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆದು, ನೀರಿಗೆ ಬಿಟ್ಟು ತೇಲಿದ್ದನ್ನು ಕೆನೆ ತೆಗೆದಂತೆ ತೆಗೆಯುತ್ತವೆ. ಎಲ್ಲ ಪ್ಲಾಸ್ಟಿಕ್ಕೂ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಕೆಲವು ಬಾಟಲಿಗಳ ಮೈಗೆ ಬಿಗಿಯಾಗಿ ಅಂಟಿಸಿದ ಹಾಳೆ ಪಿವಿಸಿಯದ್ದಾಗಿರುತ್ತದೆ. ಅದೂ ನೀರಿನಲ್ಲಿ ಮುಳುಗಿ ಪೆಟ್ ಚೂರುಗಳ ಜೊತೆಯಲ್ಲೇ ಕೂರುತ್ತದೆ. ಪೆಟ್ ಕರಗುವುದು ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಅಷ್ಟರೊಳಗೆ ಪಿವಿಸಿ ವಿಘಟನೆಗೊಂಡು ಹೈಡ್ರೊಕ್ಲೋರಿಕ್ ಆಮ್ಲ ಕಾರತೊಡಗಿರುತ್ತದೆ. ಆ ಆಮ್ಲ ಪೆಟ್‌ನ ಉದ್ದನೆಯ ಅಣುಸರಪಳಿಗಳನ್ನು ಅಲ್ಲಲ್ಲಿ ಕಡಿಯುತ್ತದೆ, ಪ್ಲಾಸ್ಟಿಕ್ ಹಳದಿಗಟ್ಟಿ ಪೆಡಸಾಗುತ್ತದೆ. ಟನ್‌ಗಟ್ಟಲೆ ಒಳ್ಳೆಯ ಮಾಲು ಕೆಡಲು ಪಿವಿಸಿಯ ಸಣ್ಣ ಪಾಲು ಸಾಕು.

ಸೇರು ರಾಗಿಗೆ ಹಿಡಿ ಸಾಸಿವೆ ಸುರಿದು ಕೈಯಾಡಿಸಲು ಅರೆಗಳಿಗೆ ಸಾಕು. ಆರಿಸಿ ಬೇರೆ ಮಾಡಲು ಮಧ್ಯಾಹ್ನವೆಲ್ಲ ಕೂರಬೇಕು. ಉಷ್ಣಗತಿವಿಜ್ಞಾನದ ಎರಡನೇ ನಿಯಮ ಹೇಳುವುದೂ ಇದನ್ನೇ. ವಸ್ತುಗಳು ತಮ್ಮಷ್ಟಕ್ಕೆ ಬೆರೆಯುವ ಕಡೆಗೇ ಸಾಗುತ್ತವೆ. ಬೆರೆತದ್ದನ್ನು ಬಿಡಿಸಬೇಕಾದರೆ ಹೊರಗಿನಿಂದ ಯಾರಾದರೂ ದುಡಿಯಬೇಕು, ಶಕ್ತಿ ವ್ಯಯಿಸಬೇಕು. ಕಸದ ಕಂಪನಿಗಳು ಮಾರುವ ಸರಕು ಈ ದುಡಿಮೆಯೇ. ಅವುಗಳಿಂದ ಪರಿಸರಕ್ಕೆ ಏನು ಒಳಿತಾದರೂ ಅದು ಹುಟ್ಟುವುದು ಇಲ್ಲಿಂದಲೇ: ಎಷ್ಟು ಬೇಗ, ಎಷ್ಟು ಶುದ್ಧವಾಗಿ, ಎಷ್ಟು ಕಡಿಮೆ ಶಕ್ತಿಯಲ್ಲಿ ಬೇರ್ಪಡಿಸಿದರು ಎಂಬುದರಿಂದ.

ಯಾವುದರಿಂದ ಎಷ್ಟು ಉಳಿತಾಯ

ಎಲ್ಲ ಕಸಕ್ಕೂ ಒಂದೇ ತೂಕದ ಪುಣ್ಯ ಇಲ್ಲ. ಅಲ್ಯೂಮಿನಿಯಂ ಈ ಸಾಲಿನಲ್ಲಿ ಎಲ್ಲಕ್ಕಿಂತ ಮುಂದಿದೆ. ಬಾಕ್ಸೈಟ್ ಅದಿರಿನಲ್ಲಿ ಅದು ಆಮ್ಲಜನಕದೊಂದಿಗೆ ಬಲವಾಗಿ ಬೆಸೆದುಕೊಂಡಿರುತ್ತದೆ. ಆ ಬೆಸುಗೆ ಬಿಡಿಸುವ ವಿಧಾನವನ್ನು 1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಎರೂ ಪ್ರತ್ಯೇಕವಾಗಿ ಕಂಡುಕೊಂಡರು. ಸುಮಾರು 950 ಡಿಗ್ರಿ ಬಿಸಿಯ ದ್ರವದಲ್ಲಿ ವಿದ್ಯುತ್ ಹರಿಸುವ ಈ ವಿಧಾನದಲ್ಲಿ ಒಂದು ಕಿಲೊ ಲೋಹಕ್ಕೆ 14 ಯೂನಿಟ್‌ನಷ್ಟು ಕರೆಂಟ್ ಬೇಕು. ಹಳೆಯ ಪಾತ್ರೆ, ಕ್ಯಾನ್, ಕಿಟಕಿಯ ಚೌಕಟ್ಟುಗಳನ್ನು ಕರಗಿಸಲು 660 ಡಿಗ್ರಿ ಬಿಸಿ ಸಾಕು. ಅದಿರಿನಿಂದ ತೆಗೆಯುವಾಗ ತಗಲುವ ಶಕ್ತಿಯಲ್ಲಿ ಶೇ. 5ರಷ್ಟರಲ್ಲಿ ಕೆಲಸ ಮುಗಿಯುತ್ತದೆ.

ಗಾಜು ಎಷ್ಟು ಸಲ ಕರಗಿಸಿದರೂ ಗಾಜೇ. ಆದರೆ ಅದನ್ನು ಕರಗಿಸಲು ಕುಲುಮೆ ಹೇಗೂ 1,500 ಡಿಗ್ರಿಯ ಸುತ್ತ ಉರಿಯಲೇಬೇಕು. ಹಾಗಾಗಿ ಕಚ್ಚಾಮಾಲಿನಲ್ಲಿ ಪ್ರತಿ ಶೇ. 10ರಷ್ಟು ಒಡೆದ ಗಾಜು ಸೇರಿಸಿದರೆ ಉಳಿಯುವ ಶಕ್ತಿ ಶೇ. 2ರಿಂದ 3 ಮಾತ್ರ. ಗಾಜಿನ ಬಾಟಲಿಯನ್ನು ಒಡೆದು ಕರಗಿಸುವುದಕ್ಕಿಂತ ತೊಳೆದು ಮತ್ತೆ ತುಂಬುವುದರಲ್ಲಿ ಜಾಣತನ ಹೆಚ್ಚು; ಸೋಡಾ ಅಂಗಡಿಯವರು ಇದನ್ನು ಎಂದೋ ಅರಿತಿದ್ದರು. ಕಾಗದದ ನಾರು ಪ್ರತಿ ಸಲ ಅರೆದಾಗಲೂ ಗಿಡ್ಡಾಗುತ್ತದೆ. ಐದರಿಂದ ಏಳು ಸುತ್ತಿನ ಬಳಿಕ ಹೊಸ ಹಾಳೆ ಹಿಡಿದು ನಿಲ್ಲುವ ಕಸುವು ಅದಕ್ಕಿರುವುದಿಲ್ಲ. ಪ್ಲಾಸ್ಟಿಕ್ ಇನ್ನೂ ಬೇಗ ಬಳಲುತ್ತದೆ. ಪ್ರತಿ ಕರಗಿಸುವಿಕೆಯಲ್ಲೂ ಅದರ ಅಣುಸರಪಳಿ ತುಂಡಾಗುತ್ತದೆ. ಇಂದಿನ ಬಾಟಲಿ ನಾಳೆ ಬಟ್ಟೆಯ ನೂಲು, ನಾಡಿದ್ದು ದಿಂಬಿನ ತುಂಬು. ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2015ರವರೆಗೆ ಜಗತ್ತಿನಲ್ಲಿ ಉಂಟಾದ ಒಟ್ಟು ಪ್ಲಾಸ್ಟಿಕ್ ಕಸದಲ್ಲಿ ಮರುಬಳಕೆಯಾದದ್ದು ಶೇ. 9 ಮಾತ್ರ.

ಪ್ರಾಮಾಣಿಕ ಕಂಪನಿಯೊಂದು ಮೊದಲು ಮಾಡಬೇಕಾದ ಕೆಲಸವೆಂದರೆ ಈ ಮೇಲು ಕೀಳಿನ ಪಟ್ಟಿಯನ್ನು ತನ್ನ ಗಿರಾಕಿಗೆ ತೋರಿಸುವುದು. ‘ಎಲ್ಲವನ್ನೂ ಮರುಬಳಕೆ ಮಾಡುತ್ತೇವೆ’ ಎಂಬ ಫಲಕ ಆಕರ್ಷಕವಾಗಿರಬಹುದು, ಭೌತವಿಜ್ಞಾನ ಅದಕ್ಕೆ ಸಹಿ ಹಾಕುವುದಿಲ್ಲ.

ಅರ್ಧ ಪರ್ಸೆಂಟಿನ ಪೆಟ್ಟು

ಶುದ್ಧತೆಯ ಬೆಲೆ ಏನೆಂದು ಜಗತ್ತಿಗೆ ತಿಳಿದದ್ದು 2018ರಲ್ಲಿ. ಅಲ್ಲಿಯವರೆಗೆ ಶ್ರೀಮಂತ ದೇಶಗಳು ತಮ್ಮ ಒಣ ಕಸವನ್ನು ಹಡಗಿಗೆ ತುಂಬಿ ಚೀನಾಕ್ಕೆ ಕಳಿಸುತ್ತಿದ್ದವು. 1992ರಿಂದ ಆವರೆಗೆ ಜಗತ್ತಿನ ಪ್ಲಾಸ್ಟಿಕ್ ಕಸದ ಆಮದಿನಲ್ಲಿ ಶೇ. 45ರಷ್ಟು ಆ ಒಂದೇ ದೇಶದ ಪಾಲಾಗಿತ್ತು. ಅಮೆರಿಕದ ಬಹಳಷ್ಟು ಊರುಗಳಲ್ಲಿ ಕಾಗದ, ಗಾಜು, ಡಬ್ಬ, ಪ್ಲಾಸ್ಟಿಕ್ ಎಲ್ಲವನ್ನೂ ಒಂದೇ ತೊಟ್ಟಿಗೆ ಹಾಕುವ ಪದ್ಧತಿ ಬೆಳೆದಿತ್ತು. ಜನರಿಗೆ ಅನುಕೂಲ, ಲಾರಿಗೂ ಒಂದೇ ಸುತ್ತು. ಆ ತೊಟ್ಟಿಯಲ್ಲಿ ಗಾಜು ಒಡೆದು ಕಾಗದದೊಳಗೆ ಹೊಗುತ್ತಿತ್ತು, ಉಳಿದ ಪಾನೀಯ ಸೋರಿ ರಟ್ಟನ್ನು ನೆನೆಸುತ್ತಿತ್ತು. ಅದನ್ನು ಆರಿಸುವ ಕಷ್ಟ ಸಮುದ್ರದಾಚೆಯ ಅಗ್ಗದ ಕೈಗಳಿಗೆ.

ಚೀನಾ 24 ಬಗೆಯ ಕಸದ ಆಮದನ್ನು ನಿಷೇಧಿಸಿತು; ಉಳಿದ ಹಲವಕ್ಕೆ ಕಲಬೆರಕೆ ಶೇ. 0.5 ಮೀರಬಾರದೆಂದು ಕಟ್ಟಳೆ ಹಾಕಿತು. ಒಂದೇ ತೊಟ್ಟಿಯ ಕಸ ಆ ಗೆರೆಯ ಹತ್ತಿರಕ್ಕೂ ಬರಲಿಲ್ಲ. ಹಡಗುಗಳು ಮಲೇಷ್ಯಾ, ವಿಯೆಟ್ನಾಂ, ಥಾಯ್ಲೆಂಡಿನತ್ತ ತಿರುಗಿದವು. ಮಲೇಷ್ಯಾ 2019ರಲ್ಲಿ ಕಂಟೇನರುಗಳನ್ನು ಬಂದ ಊರಿಗೇ ವಾಪಸು ಕಳಿಸತೊಡಗಿತು. ಕೊಳಕು ಪ್ಲಾಸ್ಟಿಕ್ಕಿನ ಸಾಗಾಟಕ್ಕೆ ಪಡೆಯುವ ದೇಶದ ಒಪ್ಪಿಗೆ ಕಡ್ಡಾಯ ಎಂಬ ಬಾಸೆಲ್ ಒಪ್ಪಂದದ ತಿದ್ದುಪಡಿ 2021ರ ಜನವರಿಯಿಂದ ಜಾರಿಗೆ ಬಂತು. ಆಗ ಅಮೆರಿಕ, ಯುರೋಪಿನ ಕಂಪನಿಗಳು ಕಸ ಬೇರ್ಪಡಿಸುವ ಯಂತ್ರಗಳಿಗೆ ಹಣ ಸುರಿದವು.

ಆ ಯಂತ್ರಗಳಲ್ಲಿ ಎರಡನ್ನು ತಿಳಿದಿರುವುದು ಒಳ್ಳೆಯದು. ಮೊದಲನೆಯದು ಅವಗೆಂಪು ಕಿರಣದ ಕಣ್ಣು. ಪ್ರತಿ ಬಗೆಯ ಪ್ಲಾಸ್ಟಿಕ್ಕೂ ಅವಗೆಂಪು ಬೆಳಕಿನ ತನಗೊಗ್ಗುವ ತರಂಗಗಳನ್ನಷ್ಟೇ ಹೀರಿ ಉಳಿದುದನ್ನು ಹಿಂದಿರುಗಿಸುತ್ತದೆ. ಸರಭರ ಓಡುವ ಬೆಲ್ಟಿನ ಮೇಲೆ ಈ ಬೆಳಕು ಚೆಲ್ಲಿ, ವಾಪಸು ಬಂದದ್ದನ್ನು ಓದಿ, ಬೇಕಾದ ಚೂರನ್ನು ಗಾಳಿಯ ಚಿಮ್ಮುಗೆಯಿಂದ ಪಕ್ಕದ ಗುಂಡಿಗೆ ಹಾರಿಸುತ್ತಾರೆ. ಪಿವಿಸಿ ಇಲ್ಲಿ ಸಿಕ್ಕಿಬೀಳುತ್ತದೆ. ಇಂಗಾಲದ ಮಸಿ ಬೆರೆಸಿದ ಕಪ್ಪು ತಟ್ಟೆ ಮಾತ್ರ ಸಿಗುವುದಿಲ್ಲ. ಅದು ಬಂದ ಬೆಳಕನ್ನೆಲ್ಲ ನುಂಗುವುದರಿಂದ ಯಂತ್ರದ ಪಾಲಿಗೆ ಅದೃಶ್ಯ. ಎರಡನೆಯದು ಸುಳಿವಿದ್ಯುತ್ತಿನ ಯಂತ್ರ. ವೇಗವಾಗಿ ತಿರುಗುವ ಅಯಸ್ಕಾಂತದ ಮೇಲೆ ಅಲ್ಯೂಮಿನಿಯಂ ಹಾದಾಗ ಅದರೊಳಗೆ ವಿದ್ಯುತ್ ಸುಳಿಗಳೇಳುತ್ತವೆ. ಆ ಸುಳಿಗಳ ಕಾಂತಕ್ಷೇತ್ರ ಅಯಸ್ಕಾಂತವನ್ನು ವಿರೋಧಿಸಿ ಡಬ್ಬವನ್ನು ಆಚೆಗೆ ನೆಗೆಸುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿದ ಪ್ರೇರಣೆಯ ತತ್ತ್ವ ಇಂದು ಕಸದ ರಾಶಿಯಲ್ಲಿ ದುಡಿಯುತ್ತಿದೆ.

ಬೆಂಗಳೂರು ಕಲಿತದ್ದು

ನಮ್ಮಲ್ಲಿ ಇದೇ ಪಾಠ ಬೇರೆ ದಾರಿಯಲ್ಲಿ ಬಂತು. ಬೆಂಗಳೂರಿನ ಕಸ ಬಹುಕಾಲ ನಗರದಂಚಿನ ಹಳ್ಳಿಗಳಿಗೆ ಹೋಗುತ್ತಿತ್ತು. ಯಲಹಂಕದಾಚೆಯ ಮಾವಳ್ಳಿಪುರದವರು ಸಿಡಿದೆದ್ದ ಮೇಲೆ 2012ರಲ್ಲಿ ಅಲ್ಲಿನ ಕಸದ ಭರ್ತಿ ಜಾಗ ಮುಚ್ಚಿತು. ಕೆಲ ದಿನಗಳಲ್ಲೇ ಉದ್ಯಾನನಗರಿಯ ಬೀದಿಗಳಲ್ಲಿ ಕಸದ ಗುಡ್ಡಗಳೆದ್ದು ಸುದ್ದಿ ವಿದೇಶಿ ಪತ್ರಿಕೆಗಳನ್ನೂ ಮುಟ್ಟಿತು. ಹೊಸಕೋಟೆ ದಾರಿಯ ಮಂಡೂರಿಗೆ ಹೊರೆ ಹೆಚ್ಚಿತು. ಅಲ್ಲಿಯ ಜನರ ಹೋರಾಟದಿಂದ 2014ರ ಕೊನೆಗೆ ಆ ಬಾಗಿಲೂ ಮುಚ್ಚಿತು. ಈ ನಡುವೆ 2012ರ ಅಕ್ಟೋಬರಿನಿಂದ ಮನೆಯಲ್ಲೇ ಕಸ ಬೇರ್ಪಡಿಸುವುದು ಕಡ್ಡಾಯವಾಯಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟು ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಗೆ ಆದೇಶಿಸಿತು: ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡಯಾಪರ್, ಪ್ಯಾಡ್‌ನಂಥವು, ಚೀಲಕ್ಕೆ ಒಣ ಕಸ.

ಒಣ ಕಸಕ್ಕೆಂದು ವಾರ್ಡುಗಳಲ್ಲಿ ಸಂಗ್ರಹ ಕೇಂದ್ರಗಳು ತೆರೆದವು. ಅವುಗಳಲ್ಲಿ ಹಲವನ್ನು ನಡೆಸಲು ಮುಂದೆ ಬಂದವರು ಚಿಂದಿ ಆಯುತ್ತಿದ್ದವರೇ. ‘ಹಸಿರು ದಳ’ ಎಂಬ ಸಂಸ್ಥೆ ಅವರನ್ನು ಸಂಘಟಿಸಿತು. ಪಾಲಿಕೆ ಗುರುತಿನ ಚೀಟಿ ಕೊಟ್ಟಿತು. 2016ರ ಘನತ್ಯಾಜ್ಯ ನಿಯಮಗಳು ಚಿಂದಿ ಆಯುವವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕೆಂದು ದೇಶಕ್ಕೇ ಹೇಳಿದವು. ಇದನ್ನು ಕರುಣೆಯ ವಿಷಯವೆಂದಷ್ಟೇ ಓದಿದರೆ ವಿಜ್ಞಾನ ತಪ್ಪಿಹೋಗುತ್ತದೆ. ಅನುಭವಿ ಕೈಗಳು ಪ್ಲಾಸ್ಟಿಕ್ಕನ್ನು ಬಗ್ಗಿಸಿ, ಹಿಸುಕಿ, ಅದರ ಸದ್ದು ಕೇಳಿ ಇದು ಯಾವ ಜಾತಿಯದೆಂದು ಹೇಳುತ್ತವೆ. ಕಪ್ಪು ತಟ್ಟೆಯೂ ಆ ಕೈಗಳಿಂದ ತಪ್ಪಿಸಿಕೊಳ್ಳಲಾರದು. ಸಂಗ್ರಹ ಕೇಂದ್ರದಿಂದ ರಟ್ಟು, ಹಾಲಿನ ಕವರ್, ಬಾಟಲಿ, ಗಟ್ಟಿ ಪ್ಲಾಸ್ಟಿಕ್ ಎಂದು ಬಗೆಬಗೆಯ ಬೇಲುಗಳಾಗಿ ಮಾಲು ಜಾಲಿ ಮೊಹಲ್ಲಾದ ಗುಜರಿ ಪೇಟೆಗೋ ನಾಯಂಡಹಳ್ಳಿಯ ಪ್ಲಾಸ್ಟಿಕ್ ಘಟಕಗಳಿಗೋ ಹೋಗುತ್ತದೆ. ಇಡೀ ಸರಪಳಿಯಲ್ಲಿ ಅತಿ ಕಡಿಮೆ ವಿದ್ಯುತ್ ಬಳಸುವ ಕೊಂಡಿ ಕೈಯಿಂದ ಆರಿಸುವ ಈ ಕೆಲಸವೇ. ಕೈಗವಸು, ಒಳ್ಳೆಯ ಬೆಳಕು, ಸೊಂಟದೆತ್ತರದ ಮೇಜು, ನಿಶ್ಚಿತ ಕೂಲಿ, ಆರೋಗ್ಯ ವಿಮೆ ಕೊಟ್ಟ ಕಂಪನಿಗೆ ಇಲ್ಲಿ ಸಿಗುವ ಶುದ್ಧತೆ ಹೆಚ್ಚುತ್ತದೆ.

ಹಸಿ ಕಸ ಕೆಟ್ಟರೆ

ನಮ್ಮ ನಗರಗಳ ಕಸದಲ್ಲಿ ಅರ್ಧದಷ್ಟು ಅಡುಗೆಮನೆಯದು. ಅದು ಪ್ಲಾಸ್ಟಿಕ್ಕಿನೊಂದಿಗೆ ಗುಡ್ಡೆಬಿದ್ದು ಗಾಳಿಯಾಡದೆ ಕೊಳೆತಾಗ ಮೀಥೇನ್ ಹೊರಡುತ್ತದೆ. ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಈ ಅನಿಲ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಅದೇ ಹಸಿ ಕಸ ಬೇರೆಯಾಗಿ ಬಂದರೆ ಎರಡು ಒಳ್ಳೆಯ ದಾರಿಗಳಿವೆ. ಗಾಳಿಯಾಡಿಸಿ ಕೊಳೆಸಿದರೆ ಗೊಬ್ಬರ. ಆಗ ರಾಶಿಯ ಒಳಗಿನ ಬಿಸಿ 55 ಡಿಗ್ರಿ ದಾಟಿ ರೋಗಾಣುಗಳನ್ನೂ ಕಳೆಬೀಜಗಳನ್ನೂ ಕೊಲ್ಲುತ್ತದೆ. ಗಾಳಿ ತಡೆದು ತೊಟ್ಟಿಯಲ್ಲಿ ಕೊಳೆಸಿದರೆ ಅದೇ ಮೀಥೇನ್ ಇಂಧನವಾಗಿ ಕೈಗೆ ಸಿಗುತ್ತದೆ.

ಬೆರೆಸಿದ್ದಕ್ಕೆ ತೆರಬೇಕಾದ ದಂಡಕ್ಕೆ ದೆಹಲಿಯ ತಿಮಾರ್‌ಪುರ ಸಾಕ್ಷಿ. ಅಲ್ಲಿ 1987ರಲ್ಲಿ ಕಸ ಸುಟ್ಟು ವಿದ್ಯುತ್ ಮಾಡುವ ಘಟಕವೊಂದು ತಲೆಯೆತ್ತಿತು. ನಮ್ಮ ಕಸದ ತುಂಬ ನೀರು ಮತ್ತು ಮಣ್ಣು. ಒಂದು ಕಿಲೊ ಕುದಿನೀರನ್ನು ಆವಿ ಮಾಡಲು ಸುಮಾರು 2,260 ಕಿಲೊಜೂಲ್ ಶಾಖ ಬೇಕು. ಕಸದಲ್ಲಿದ್ದ ಶಾಖ ಅದರ ನೀರು ಒಣಗಿಸುವುದಕ್ಕೇ ಹೋಗುತ್ತಿತ್ತು. ಘಟಕ ಸ್ವಲ್ಪ ಕಾಲದಲ್ಲೇ ನಿಂತಿತು. ಇದಕ್ಕೆ ಎದುರಾಗಿ ಇಂದೋರಿನಲ್ಲಿ 2022ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಜೈವಿಕ ಅನಿಲ ಘಟಕ ದಿನಕ್ಕೆ 550 ಟನ್ ಹಸಿ ಕಸ ಪಡೆಯುವ ಸಾಮರ್ಥ್ಯದ್ದು. ಅದಕ್ಕೆ ಮೊದಲೇ ಅಲ್ಲಿನ ಮನೆಮನೆಯಲ್ಲಿ ಕಸ ಬೇರೆಯಾಗುತ್ತಿತ್ತು. ಊರು ತಯಾರಾದ ಮೇಲೆ ಯಂತ್ರ ಬಂತು.

ಗೊಬ್ಬರಕ್ಕೂ ಈ ಮಾತು ಅನ್ವಯಿಸುತ್ತದೆ. ನಗರದ ಗೊಬ್ಬರದಲ್ಲಿ ಸೀಸ ಕಿಲೊಗೆ 100 ಮಿಲಿಗ್ರಾಂ ಮೀರಬಾರದೆಂದು ನಮ್ಮ ರಸಗೊಬ್ಬರ ನಿಯಂತ್ರಣ ಆದೇಶ ಹೇಳುತ್ತದೆ. ರಾಶಿಯೊಳಗೆ ಸೇರಿದ ಬ್ಯಾಟರಿ, ಬಣ್ಣದ ಡಬ್ಬ, ಸರ್ಕ್ಯೂಟ್ ಹಲಗೆಗಳು ಈ ಮಿತಿಯನ್ನು ಸುಲಭವಾಗಿ ದಾಟಿಸಬಲ್ಲವು. ಕೊಳೆತ ಮೇಲೆ ಜರಡಿ ಹಿಡಿದರೆ ಗಾಜಿನ ಚೂರು ಸಿಕ್ಕೀತು. ನೀರಿಗಿಳಿದ ಸೀಸ ಸಿಗದು.

ಕೋಲಾರಕ್ಕಿಂತ ಸಿರಿವಂತ ಅದಿರು

ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದಾಗ ಅಲ್ಲಿ ಚಿನ್ನ ಪೂರ್ತಿ ಮುಗಿದಿರಲಿಲ್ಲ. ಮೂರು ಕಿಲೊಮೀಟರಿಗೂ ಹೆಚ್ಚು ಆಳದಿಂದ ಎತ್ತಿ ತಂದ ಟನ್ ಅದಿರಿನಲ್ಲಿ ಕೆಲವೇ ಗ್ರಾಂ ಚಿನ್ನ. ತೆಗೆಯುವ ಖರ್ಚು ಅದರ ಬೆಲೆಯನ್ನು ಮೀರಿತ್ತು. ಬ್ಯಾಟರಿ ತೆಗೆದ ಒಂದು ಟನ್ ಹಳೆಯ ಮೊಬೈಲುಗಳಲ್ಲಿ 200ರಿಂದ 300 ಗ್ರಾಂ ಚಿನ್ನವಿರುತ್ತದೆ, ಜೊತೆಗೆ ಕಿಲೊಗಟ್ಟಲೆ ಬೆಳ್ಳಿ, ನೂರು ಕಿಲೊಗೂ ಹೆಚ್ಚು ತಾಮ್ರ. ಆದರೂ 2022ರಲ್ಲಿ ಜಗತ್ತು ಎಸೆದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಸರಿಯಾದ ದಾರಿಯಲ್ಲಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆಯಿರುವುದು ಶೇ. 22.3ಕ್ಕೆ ಮಾತ್ರ.

ಬೆಲ್ಜಿಯಂನ ಯುಮಿಕೋರ್ ಕಂಪನಿಯ ಚರಿತ್ರೆ ಇಲ್ಲಿ ಸ್ವಾರಸ್ಯಕರ. ಅದರ ಪೂರ್ವಜ ಸಂಸ್ಥೆ ಕಾಂಗೋದ ಕಟಾಂಗದಲ್ಲಿ ತಾಮ್ರದ ಗಣಿ ನಡೆಸುತ್ತಿತ್ತು. 2001ರಲ್ಲಿ ಹೆಸರು ಬದಲಿಸಿಕೊಂಡ ಈ ಕಂಪನಿ ಹೊಬೊಕೆನ್‌ನಲ್ಲಿರುವ ತನ್ನ ಕುಲುಮೆಯಲ್ಲಿ ಸರ್ಕ್ಯೂಟ್ ಹಲಗೆ, ಹಳೆಯ ಕ್ಯಾಟಲಿಸ್ಟುಗಳಿಂದ ಹದಿನೇಳು ಲೋಹಗಳನ್ನು ತೆಗೆಯುತ್ತದೆ. ಭೂಮಿ ಅಗೆದು ಕಲಿತ ವಿದ್ಯೆ ಕಸಕ್ಕೂ ಒದಗಿತು. ಅದೇ ಊರಿನಲ್ಲಿ 2020ರಲ್ಲಿ ಸುತ್ತಲಿನ ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಏರಿದ್ದು ಕಂಡುಬಂತು. ಮುಂದೆ ಕಂಪನಿ ಹತ್ತಿರದ ಮನೆಗಳನ್ನು ಕೊಂಡು ಅಲ್ಲಿ ಹಸಿರು ವಲಯ ಮಾಡುವ ಯೋಜನೆ ಮುಂದಿಟ್ಟಿತು. ಅತ್ಯಾಧುನಿಕ ಕುಲುಮೆಯ ಗತಿಯೇ ಹೀಗಿದ್ದರೆ ಹಿತ್ತಿಲ ಕುಲುಮೆಯದು ಹೇಳುವುದೇ ಬೇಡ. ಸೀಸ 327 ಡಿಗ್ರಿಗೆಲ್ಲ ಕರಗುತ್ತದೆ. ಕಾರಿನ ಬ್ಯಾಟರಿ ಒಡೆದು ಇದ್ದಿಲ ಒಲೆಯ ಮೇಲೆ ಕಾಸಲು ಯಾರಿಗೂ ಡಿಗ್ರಿ ಬೇಕಿಲ್ಲ. ಯುನಿಸೆಫ್ ಮತ್ತು ಪ್ಯೂರ್ ಅರ್ತ್ 2020ರಲ್ಲಿ ಹೊರತಂದ ವರದಿಯಂತೆ ಜಗತ್ತಿನ ಮೂರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಆತಂಕ ಪಡುವಷ್ಟು ಸೀಸವಿದೆ. ಬ್ಯಾಟರಿಗಳ ಕಳ್ಳ ಮರುಬಳಕೆ ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಮರುಬಳಕೆ ನಡೆದಿದೆ ಎಂಬುದಷ್ಟೇ ಸಾಲದು, ಯಾರ ಉಸಿರಿನ ಖರ್ಚಿನಲ್ಲಿ ನಡೆದಿದೆ ಎಂದೂ ಕೇಳಬೇಕು.

ಬಿಡಿಸಲಾರದ ಗಂಟು

ಚಿಪ್ಸ್ ಪೊಟ್ಟಣದ ಒಳಮೈ ಬೆಳ್ಳಿಯಂತೆ ಹೊಳೆಯುವುದು ಅಲ್ಯೂಮಿನಿಯಂನ ತೆಳು ಪದರದಿಂದ. ಅದರ ಮೇಲೊಂದು, ಕೆಳಗೊಂದು ಪ್ಲಾಸ್ಟಿಕ್ ಹಾಳೆ. ಬೆಳಕು, ತೇವ, ಆಮ್ಲಜನಕ ಯಾವುದೂ ಒಳನುಸುಳದು. ತಿನಿಸಿಗೆ ಇದು ವರ. ಮರುಬಳಕೆಗೆ ಬಿಡಿಸಲಾಗದ ಗಂಟು. ಇಂಥವು ಬಹುಪಾಲು ಸಿಮೆಂಟ್ ಕಾರ್ಖಾನೆಗೆ ಹೋಗುತ್ತವೆ. ಕಲಬುರಗಿ ಜಿಲ್ಲೆಯ ವಾಡಿ, ಮಳಖೇಡದಲ್ಲಿರುವಂಥ ಕಾರ್ಖಾನೆಗಳ ಗೂಡಿನೊಳಗೆ 1,400 ಡಿಗ್ರಿ ಮೀರಿದ ಬಿಸಿಯಿರುತ್ತದೆ; ಅಲ್ಲಿ ಪ್ಲಾಸ್ಟಿಕ್ ಕಲ್ಲಿದ್ದಲಿಗೆ ಬದಲಿಯಾಗುತ್ತದೆ, ಬೂದಿಯೂ ಸಿಮೆಂಟಿನಲ್ಲಿ ಸೇರಿಹೋಗುತ್ತದೆ. ಮಧುರೈನ ಪ್ರೊ. ಆರ್. ವಾಸುದೇವನ್ ತೋರಿಸಿಕೊಟ್ಟ ಹಾಗೆ ಡಾಂಬರಿನೊಂದಿಗೆ ರಸ್ತೆಗೂ ಹಾಕಬಹುದು. ಬೆಂಗಳೂರಿನಲ್ಲೂ ಅಂಥ ರಸ್ತೆಗಳಾಗಿವೆ. ಗುಡ್ಡೆ ಹಾಕುವುದಕ್ಕಿಂತ ಇವು ಮೇಲು. ಆದರೆ ಉರಿದ ಪೊಟ್ಟಣ ಮತ್ತೆ ಪೊಟ್ಟಣವಾಗದು. ಅದನ್ನು ಇಂಧನವೆಂದು ಕರೆಯುವುದೇ ಸರಿ.

ಈ ಗಂಟು ಹಾಕಿದವರು ಪೊಟ್ಟಣದ ವಿನ್ಯಾಸಕಾರರು, ಬಿಚ್ಚಬೇಕಾದವರೂ ಅವರೇ. ಯಾವ ಅಂಟು ಬಿಡಲಿಲ್ಲ, ಯಾವ ಬಣ್ಣ ಮಾಲು ಕೆಡಿಸಿತು ಎಂಬುದನ್ನು ದಿನವೂ ನೋಡುವ ಮರುಬಳಕೆಯವರು ಈ ಸುದ್ದಿಯನ್ನು ತಯಾರಕರಿಗೆ ಮುಟ್ಟಿಸಬಲ್ಲರು. ಪ್ಲಾಸ್ಟಿಕ್ ನಿಯಮಗಳ 2022ರ ತಿದ್ದುಪಡಿ ತಯಾರಕರ ಹೊಣೆಯನ್ನು ಗುರಿಗಳ ರೂಪದಲ್ಲಿ ಬರೆದು, ಗಟ್ಟಿ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ 2025-26ರಿಂದ ಶೇ. 30ರಷ್ಟು ಮರುಬಳಕೆಯ ಮಾಲು ಇರಬೇಕೆಂದಿತು. ತಮ್ಮದೇ ಹಳೆಯ ಪೊಟ್ಟಣವನ್ನು ಹಿಂದಕ್ಕೆ ಕೊಳ್ಳಬೇಕಾದವರು ಅಂಟಿನ ಬಗ್ಗೆ ಯೋಚಿಸಿಯೇ ಯೋಚಿಸುತ್ತಾರೆ.

ತೂಕದ ತಕ್ಕಡಿ

2022ರ ಆ ತಿದ್ದುಪಡಿಯೇ ಮರುಬಳಕೆಯ ಪ್ರಮಾಣಪತ್ರಗಳ ಮಾರುಕಟ್ಟೆಯನ್ನೂ ತೆರೆಯಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲಿ 2023ರಲ್ಲಿ ಲಕ್ಷಗಟ್ಟಲೆ ನಕಲಿ ಪ್ರಮಾಣಪತ್ರಗಳು ಪತ್ತೆಯಾದವು. ಇಂಥ ಮೋಸ ಹಿಡಿಯಲು ಹಳೆಯದೊಂದು ನಿಯಮವೇ ಸಾಕು. ದ್ರವ್ಯ ನಾಶವಾಗದು. ಗೇಟಿನೊಳಗೆ ಬಂದ ತೂಕ ಎಲ್ಲಾದರೂ ಹೊರಬಂದಿರಲೇಬೇಕು.

ಒಂದು ಕಾಲ್ಪನಿಕ ಘಟಕಕ್ಕೆ 100 ಟನ್ ಒಣ ಕಸ ಬಂತೆನ್ನಿ. ಮಾರಾಟವಾದದ್ದು 60, ಸಿಮೆಂಟ್ ಗೂಡಿಗೆ ಹೋದದ್ದು 25, ಭರ್ತಿ ಜಾಗಕ್ಕೆ 10, ಒಣಗಿ ಹೋದ ತೇವ 5. ಈ ಕಂಪನಿ ಶೇ. 60 ಮರುಬಳಕೆ ಮಾಡುತ್ತದೆ. 85 ಎಂದರೆ ಸುಡುವುದನ್ನೂ ಸೇರಿಸಿಕೊಂಡಿದೆ, 100 ಎಂದರೆ ಸುಳ್ಳು ಹೇಳುತ್ತಿದೆ. ಒಂದು ಕಿಲೊ ಪ್ಲಾಸ್ಟಿಕ್ ಕರಗಿಸಿ ಗುಳಿಗೆ ಮಾಡಲು ಎಷ್ಟು ವಿದ್ಯುತ್ ಬೇಕೆಂಬುದು ಗೊತ್ತಿರುವ ಸಂಗತಿ. ಆದ್ದರಿಂದ ಕರೆಂಟ್ ಬಿಲ್ಲು ಪ್ರಮಾಣಪತ್ರಕ್ಕಿಂತ ನಂಬಲರ್ಹ ಸಾಕ್ಷಿ.

ಇಷ್ಟು ತಿಳಿದ ಮೇಲೆ ನಗರಸಭೆಯ ಟೆಂಡರನ್ನು ಬೇರೆ ಕಣ್ಣಿನಿಂದ ಓದಬಹುದು. ಸಾಗಿಸಿದ ಟನ್ನಿಗೆ ಇಷ್ಟು ಎಂದು ಹಣ ಕೊಡುವ ಗುತ್ತಿಗೆಯಲ್ಲಿ ಕಸ ಹೆಚ್ಚಿದಷ್ಟೂ, ತೊಯ್ದು ಭಾರವಾದಷ್ಟೂ ಗುತ್ತಿಗೆದಾರನಿಗೆ ಲಾಭ. ಬೆರೆಸುವುದಕ್ಕೆ ನಾವೇ ಬಹುಮಾನ ಕೊಟ್ಟಂತೆ. ಅದರ ಬದಲು ಶುದ್ಧವಾಗಿ ಮಾರಾಟವಾದ ಪ್ರತಿ ಟನ್ನಿಗೆ ಹಣ, ಭರ್ತಿ ಜಾಗಕ್ಕೆ ಹೋದ ಪ್ರತಿ ಟನ್ನಿಗೆ ಕಡಿತ, ತೂಕದ ತಃಖ್ತೆ ಪ್ರತಿ ತಿಂಗಳು ವಾರ್ಡ್ ಕಚೇರಿಯ ಗೋಡೆಗೆ ಎಂಬ ಮೂರು ಷರತ್ತು ಬರೆದರೆ, ಒಳ್ಳೆಯ ಕಂಪನಿಗಳು ತಾವಾಗಿಯೇ ನಿಮ್ಮ ಮನೆ ಬಾಗಿಲಲ್ಲಿ ನಿಂತು ಹಸಿ ಬೇರೆ, ಒಣ ಬೇರೆ ಕೊಡಿ ಎಂದು ಕೇಳುತ್ತವೆ. ಬೆರೆಯುವ ಮೊದಲೇ ಬಿಡಿಸಿಡುವುದು ಎಲ್ಲಕ್ಕಿಂತ ಅಗ್ಗ ಎಂಬ ಲೆಕ್ಕ ಆಗ ಅವುಗಳಿಗೂ ಲಾಭದ ಲೆಕ್ಕವಾಗಿರುತ್ತದೆ.